ಗಡಿಯಾರ ಸುಳ್ಳು ಹೇಳಿದರೆ ಸರ್ವರ್ ಏನು ಮಾಡಬೇಕು?

ದೇಶಕ್ಕೆಲ್ಲ ಒಂದೇ ಸಮಯ ಇರಬೇಕು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2025ರ ಜನವರಿಯಲ್ಲಿ ಕರಡು ನಿಯಮಗಳನ್ನು ಹೊರಡಿಸಿತು. ಓದಿದ ತಕ್ಷಣ ಅನಿಸುವುದು, ಈಗಲೂ ಹಾಗೇ ಇದೆಯಲ್ವಾ ಅಂತ. ಬೀದರ್‌ನಲ್ಲೂ ಚಾಮರಾಜನಗರದಲ್ಲೂ ಹತ್ತೂವರೆ ಅಂದರೆ ಹತ್ತೂವರೆಯೇ. ಮನುಷ್ಯರ ಮಟ್ಟಿಗೆ ಸರಿ. ಆದರೆ ಈ ನಿಯಮ ನಮ್ಮ ಕೈಗಡಿಯಾರಕ್ಕಾಗಿ ಬರೆದದ್ದಲ್ಲ. ಬ್ಯಾಂಕಿನ ಸರ್ವರ್, ಷೇರುಪೇಟೆಯ ಕಂಪ್ಯೂಟರ್, ಮೊಬೈಲ್ ಟವರ್, ವಿದ್ಯುತ್ ಗ್ರಿಡ್, ಇವೆಲ್ಲ ತಮ್ಮ ಸಮಯವನ್ನು ಬೇರೆ ಎಲ್ಲಿಂದಲೋ ತರಿಸಿಕೊಳ್ಳುತ್ತವೆ. ಬಹಳಷ್ಟು ಸಲ ಅದು ಅಮೆರಿಕದ ಜಿಪಿಎಸ್ ಉಪಗ್ರಹ, ಇಲ್ಲವೇ ಯಾವುದೋ ಹೊರದೇಶದ ಸರ್ವರ್.

ಇನ್ನು ಮುಂದೆ ಕಾನೂನು, ಆಡಳಿತ, ವ್ಯಾಪಾರ, ಹಣಕಾಸು ಎಲ್ಲಕ್ಕೂ ಭಾರತೀಯ ಕಾಲಮಾನವೇ ಆಧಾರ ಆಗಬೇಕು ಅನ್ನುವುದು ಕರಡಿನ ಸಾರ. ಖಗೋಳ ವಿಜ್ಞಾನ, ನೌಕಾಯಾನ, ಸಂಶೋಧನೆಯಂಥವಕ್ಕೆ ಅನುಮತಿ ಪಡೆದು ವಿನಾಯಿತಿ ಉಂಟು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ತನ್ನ ಪರಮಾಣು ಗಡಿಯಾರಗಳಿಂದ ಈ ಕಾಲಮಾನವನ್ನು, ಅಂದರೆ ಐಎಸ್‌ಟಿಯನ್ನು ಕಾಪಾಡುತ್ತದೆ. ಇಸ್ರೊ ಜೊತೆ ಸೇರಿ ಅದನ್ನು ಐದು ಊರುಗಳ ಅಳತೆ ಪ್ರಯೋಗಾಲಯಗಳಿಗೆ ತಲುಪಿಸಿ, ಅಲ್ಲಿಂದ ದೇಶಕ್ಕೆ ಹಂಚುವುದು ಯೋಜನೆ: ಅಹಮದಾಬಾದ್, ಬೆಂಗಳೂರು, ಭುವನೇಶ್ವರ, ಫರೀದಾಬಾದ್, ಗುವಾಹಟಿ. ಇದಕ್ಕೂ ಮೊದಲೇ, 2022ರ ಏಪ್ರಿಲ್ 28ರಂದು ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ ಒಂದು ಆದೇಶ ಕೊಟ್ಟಿತ್ತು. ನಿಮ್ಮ ಎಲ್ಲ ಕಂಪ್ಯೂಟರುಗಳ ಗಡಿಯಾರವನ್ನು ಸರ್ಕಾರದ ಕಂಪ್ಯೂಟರ್ ಜಾಲ ನಡೆಸುವ ಎನ್‌ಐಸಿ ಅಥವಾ ಭೌತ ಪ್ರಯೋಗಾಲಯದ ಸರ್ವರ್‌ಗೆ ಹೊಂದಿಸಿ, ಹಲವು ದೇಶಗಳಲ್ಲಿ ಹರಡಿರುವ ಸಂಸ್ಥೆಯಾದರೆ ಬೇರೆ ಮೂಲ ಬಳಸಬಹುದು, ಆದರೆ ಅದು ಇವುಗಳಿಂದ ಬೇರೆ ಆಗಕೂಡದು ಅಂತ. ಎನ್‌ಐಸಿಯ ಆ ಸರ್ವರ್‌ಗಳ ಹೆಸರೇ ‘ಸಮಯ್’. ಸರ್ಕಾರಿ ಕಂಪ್ಯೂಟರಿಗೆ ಇಷ್ಟು ಚಂದದ ಹೆಸರು ಅಪರೂಪ.

ನನ್ನ ಮಟ್ಟಿಗೆ ಇದು ಒಳ್ಳೆಯ ಕೆಲಸ, ಆದರೆ ಅರ್ಧ ಕೆಲಸ. ಸಮಯ ಎಲ್ಲಿಂದ ಬರಬೇಕು ಅನ್ನುವುದಕ್ಕೆ ಉತ್ತರ ಸಿಕ್ಕಿದೆ. ಬಂದ ಸಮಯವೇ ತಪ್ಪಾಗಿದ್ದರೆ ಯಂತ್ರ ಏನು ಮಾಡಬೇಕು ಅನ್ನುವುದಕ್ಕೆ ಇನ್ನೂ ಸಿಕ್ಕಿಲ್ಲ. ಕೆಟ್ಟು ನಿಂತ ಗಡಿಯಾರದಿಂದ ಅಂಥ ಅಪಾಯ ಏನಿಲ್ಲ. ಬಸ್ ನಿಲ್ದಾಣದಲ್ಲಿ ಮುಳ್ಳೇ ಅಲ್ಲಾಡದ ಗಡಿಯಾರವನ್ನು ಯಾರೂ ನಂಬುವುದಿಲ್ಲ. ಬಸ್ ತಪ್ಪಿಸುವುದು ಟಿಕ್ ಟಿಕ್ ಅಂತ ಓಡುತ್ತಾ ಹತ್ತು ನಿಮಿಷ ಹಿಂದೆ ಇರುವ ಗಡಿಯಾರ. ಕಂಪ್ಯೂಟರ್ ಜಾಲದ ದೊಡ್ಡ ಅವಘಡಗಳಲ್ಲಿ ಎಷ್ಟೋ ಈ ಎರಡನೇ ಜಾತಿಯವು.

ಗಡಿಯಾರ ತಪ್ಪುವುದು ಯಾಕೆ ಅಂತ ಮೊದಲು ನೋಡೋಣ. ಸರ್ವರ್ ಒಳಗಿನ ಗಡಿಯಾರ ಅಂದರೆ ಒಂದು ಸ್ಫಟಿಕದ ಚೂರು, ಕೈಗಡಿಯಾರದಲ್ಲಿ ಇರುವಂಥದ್ದೇ. ಅದು ಕಂಪಿಸುತ್ತದೆ, ಕಂಪನ ಎಣಿಸಿ ಸೆಕೆಂಡ್ ಲೆಕ್ಕ ಹಾಕುತ್ತಾರೆ. ಅಗ್ಗದ ಸ್ಫಟಿಕ ಹತ್ತು ಲಕ್ಷಕ್ಕೆ 20 ಪಾಲು ಅತ್ತಿತ್ತ ಆಗುವುದು ಮಾಮೂಲು. ದಿನಕ್ಕೆ 86,400 ಸೆಕೆಂಡ್, ಗುಣಿಸಿ ನೋಡಿದರೆ ದಿನಕ್ಕೆ ಸುಮಾರು 1.7 ಸೆಕೆಂಡ್ ತಪ್ಪು. ಕೋಣೆ ಬಿಸಿಯಾದರೆ ಒಂದು ಥರ, ತಣ್ಣಗಾದರೆ ಇನ್ನೊಂದು ಥರ. ಒಂದೇ ರ‍್ಯಾಕಿನಲ್ಲಿ ಮೇಲೆ ಕೆಳಗೆ ಇರುವ ಎರಡು ಯಂತ್ರಗಳೂ ಬೇರೆ ಬೇರೆ ವೇಗದಲ್ಲಿ ಓಡುತ್ತವೆ. ಇದನ್ನು ಯಾರೂ ಪೂರ್ತಿ ತಪ್ಪಿಸಲಾರರು, ಆಗಾಗ ತಿದ್ದುತ್ತಾ ಇರಬೇಕು ಅಷ್ಟೆ.

ಒಂದೂವರೆ ಸೆಕೆಂಡ್ ಆದರೆ ಏನಂತೆ ಅನಿಸಬಹುದು. ಒಂದು ಉದಾಹರಣೆ ಕಟ್ಟಿ ನೋಡೋಣ. ಒಂದು ಬ್ಯಾಂಕ್, ಎರಡು ಸರ್ವರ್. ಎರಡನೆಯದರ ಗಡಿಯಾರ 200 ಮಿಲಿಸೆಕೆಂಡ್ ಮುಂದಿದೆ. ಸರಿಯಾಗಿ ಹತ್ತು ಗಂಟೆಗೆ ಕೆವೈಸಿ ಪರಿಶೀಲಿಸುವ ಪ್ರೋಗ್ರಾಂ ಒಂದು ಖಾತೆಯ ಸ್ಥಿತಿಯನ್ನು ‘ಚಾಲ್ತಿ’ ಅಂತ ಬರೆಯುತ್ತದೆ. ಇದು ಎರಡನೇ ಸರ್ವರ್ ಮೂಲಕ ಹೋದ ಕಾರಣ ಅದರ ಮೇಲೆ ಬಿದ್ದ ಸಮಯದ ಮೊಹರು 10:00:00.200. ಇದಾದ 150 ಮಿಲಿಸೆಕೆಂಡ್ ನಂತರ ವಂಚನೆ ಪತ್ತೆ ಮಾಡುವ ಪ್ರೋಗ್ರಾಂ ಅದೇ ಖಾತೆಯನ್ನು ‘ತಡೆ’ ಅಂತ ಬರೆಯುತ್ತದೆ. ಇದು ಮೊದಲ ಸರ್ವರ್ ಮೂಲಕ, ಮೊಹರು 10:00:00.150. ಎರಡರಲ್ಲಿ ಯಾವುದು ಕೊನೆಯದು? ಕಸಾಂಡ್ರದಂಥ ಡೇಟಾಬೇಸ್ ಮೊಹರು ನೋಡಿ, ದೊಡ್ಡ ಸಮಯ ಇರುವುದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುತ್ತದೆ. ಖಾತೆ ಚಾಲ್ತಿಯಲ್ಲೇ ಉಳಿಯಿತು. ‘ತಡೆ’ ಅಂತ ಬರೆದದ್ದಕ್ಕೆ ಯಶಸ್ವಿ ಅನ್ನುವ ಉತ್ತರವೂ ಹೋಗಿದೆ. ಎಲ್ಲೂ ಎರರ್ ಇಲ್ಲ, ಯಂತ್ರ ತನ್ನ ಕೆಲಸಗಳನ್ನು ಬರೆದಿಡುವ ಲಾಗ್‌ನಲ್ಲಿ ಕೆಂಪು ಸಾಲಿಲ್ಲ. ಆಮೇಲೆ ತನಿಖೆಗೆ ಕೂತವರು ಲಾಗ್ ತೆಗೆದು ಸಮಯದ ಪ್ರಕಾರ ಜೋಡಿಸಿದರೆ ಅದೂ ಅದೇ ಸುಳ್ಳು ಕ್ರಮದಲ್ಲಿ ಕಾಣಿಸುತ್ತದೆ, ಯಾಕೆಂದರೆ ಲಾಗ್‌ಗೂ ಮೊಹರು ಹಾಕಿದ್ದು ಅದೇ ಗಡಿಯಾರ.

ಸರಿ, ತಿದ್ದುವುದು ಹೇಗೆ? ಇದಕ್ಕೆ ಜಗತ್ತು ಇವತ್ತಿಗೂ ನೆಚ್ಚಿಕೊಂಡಿರುವುದು ಜಾಲದ ಮೂಲಕ ಸಮಯ ಕೇಳಿ ಹೊಂದಿಸಿಕೊಳ್ಳುವ ವಿಧಾನವಾದ ಎನ್‌ಟಿಪಿಯನ್ನು. ಮುಂದೆ ಡೆಲವೇರ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಡೇವಿಡ್ ಮಿಲ್ಸ್ 1985ರಲ್ಲಿ ಅದರ ಮೊದಲ ರೂಪ ಕೊಟ್ಟರು, 2024ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಆ ಹೆಸರು ಅಂದರೆ ಅವರೇ ಅನ್ನುವಂತಿತ್ತು. ಉಪಾಯ ಸರಳ, ಆದರೆ ಅದರೊಳಗೆ ಒಂದು ಹುಳುಕು ಇದೆ. ಹತ್ತಿರದಿಂದ ನೋಡಬೇಕು.

ನನ್ನ ಯಂತ್ರ ತನ್ನ ಗಡಿಯಾರದ ಪ್ರಕಾರ 0 ಮಿಲಿಸೆಕೆಂಡಿಗೆ ಒಂದು ಪ್ರಶ್ನೆ ಕಳಿಸುತ್ತದೆ. ಸಮಯದ ಸರ್ವರ್‌ಗೆ ಅದು ತಲುಪಿದಾಗ ಅಲ್ಲಿನ ಗಡಿಯಾರದಲ್ಲಿ 130. ಉತ್ತರ ಹೊರಟಾಗ ಅಲ್ಲಿ 131. ಉತ್ತರ ನನಗೆ ಸಿಕ್ಕಾಗ ನನ್ನ ಗಡಿಯಾರದಲ್ಲಿ 41. ಹೋಗಿ ಬರಲು ಒಟ್ಟು 41 ಆಯಿತು, ಅದರಲ್ಲಿ 1 ಸರ್ವರ್ ಒಳಗೇ ಕಳೆಯಿತು, ದಾರಿಗೆ ಹಿಡಿದದ್ದು 40. ಹೋಗಲು 20, ಬರಲು 20 ಅಂತ ಹಿಡಿದರೆ ನನ್ನ ಗಡಿಯಾರ 110 ಮಿಲಿಸೆಕೆಂಡ್ ಹಿಂದಿದೆ ಅಂತ ಲೆಕ್ಕ ಸಿಗುತ್ತದೆ. ಚೆನ್ನಾಗಿದೆ. ಆದರೆ ಹೋಗಲು ಬರಲು ಒಂದೇ ಹೊತ್ತು ಹಿಡಿಯಿತು ಅಂತ ಹೇಳಿದವರು ಯಾರು? ಹೋಗುವ ದಾರಿಯಲ್ಲಿ ದಟ್ಟಣೆ ಇದ್ದು 35 ಹಿಡಿದು, ಬರುವಾಗ 5ರಲ್ಲೇ ಬಂದಿದ್ದರೆ? ಆಗ ನಿಜವಾದ ವ್ಯತ್ಯಾಸ 95, ನಾನು 110 ಅಂತ ತಿದ್ದಿಕೊಂಡು ಈಗ 15 ಮಿಲಿಸೆಕೆಂಡ್ ಮುಂದೆ ಇದ್ದೇನೆ. ನನ್ನ ಕಡೆಯಿಂದ ಇದನ್ನು ಕಂಡುಹಿಡಿಯಲು ದಾರಿಯೇ ಇಲ್ಲ. ಎಷ್ಟು ಸಲ ಕೇಳಿದರೂ ಅದೇ ತಪ್ಪು ಉತ್ತರ ಖಚಿತವಾಗಿ ಬರುತ್ತಿರುತ್ತದೆ. ಹೇಳಬಹುದಾದದ್ದು ಇಷ್ಟೇ: ತಪ್ಪು ಎಷ್ಟೇ ಆದರೂ ದಾರಿಯ ಒಟ್ಟು ಹೊತ್ತಿನ ಅರ್ಧಕ್ಕಿಂತ, ಅಂದರೆ 20ಕ್ಕಿಂತ ಜಾಸ್ತಿ ಇರಲಾರದು.

ಅಂದರೆ ಎನ್‌ಟಿಪಿ ಕೊಡುವ ಉತ್ತರದಲ್ಲಿ ನಿಜಕ್ಕೂ ಎರಡು ಅಂಕಿಗಳಿವೆ, ‘110, ಹೆಚ್ಚುಕಡಿಮೆ 20’. ನಾವು ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಎಸೆದುಬಿಡುತ್ತೇವೆ. ಆಮೇಲೆ ಪ್ರೋಗ್ರಾಂ ಸಮಯ ಕೇಳಿದಾಗ ನ್ಯಾನೊಸೆಕೆಂಡ್ ತನಕ ಹತ್ತಾರು ಅಂಕಿ ಇರುವ ಒಂದು ಸಂಖ್ಯೆ ಸಿಗುತ್ತದೆ, ಅದನ್ನು ನೋಡಿದರೆ ಎಷ್ಟು ನಿಖರ ಅನಿಸುತ್ತದೆ! ಕಾರಖಾನೆಯಲ್ಲಿ ಇರುವಂಥ ಸಣ್ಣ ಜಾಲದಲ್ಲಾದರೆ ಪಿಟಿಪಿ ಅಂತ ಇನ್ನೂ ನಿಖರವಾದ ವಿಧಾನ ಇದೆ, ನೆಟ್‌ವರ್ಕ್ ಯಂತ್ರಾಂಶವೇ ಮೊಹರು ಹಾಕುತ್ತದೆ, ಮೈಕ್ರೊಸೆಕೆಂಡಿಗಿಂತ ಕೆಳಗೂ ಇಳಿಯಬಹುದು. ದಾರಿ ಎರಡೂ ಕಡೆ ಸಮ ಇರಬೇಕು ಅನ್ನುವ ನಂಬಿಕೆ ಮಾತ್ರ ಅದಕ್ಕೂ ಬೇಕು.

ಇನ್ನು ಸಮಯ ಕೊಡುವವರೇ ತಪ್ಪಿದರೆ? ಆಗಿದೆ. 2012ರ ನವೆಂಬರ್ 19ರಂದು ಅಮೆರಿಕದ ನೌಕಾಪಡೆಯ ವೀಕ್ಷಣಾಲಯದ ಎರಡು ಹೆಸರಾಂತ ಸಮಯ ಸರ್ವರ್‌ಗಳು ಸುಮಾರು ಒಂದು ಗಂಟೆ ಕಾಲ ಇದು 2000ನೇ ಇಸವಿ ಅಂತ ಹೇಳುತ್ತಾ ಕೂತವು. ಅವನ್ನೇ ನಂಬಿದ್ದ ಕಚೇರಿಗಳಲ್ಲಿ ಲಾಗಿನ್ ನಿಂತುಹೋಯಿತು. ಕಾರಣ, ಕಚೇರಿ ಜಾಲದಲ್ಲಿ ಪಾಸ್‌ವರ್ಡ್ ಪರೀಕ್ಷೆ ನಡೆಸುವ ಕರ್ಬರೋಸ್ ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಇರುವ ಯಂತ್ರವನ್ನು ಒಳಗೇ ಬಿಡುವುದಿಲ್ಲ. ಎರಡು ಸರ್ವರ್ ಹಾಕಿಕೊಂಡಿದ್ದೇವೆ, ಒಂದು ಹೋದರೆ ಇನ್ನೊಂದು ಇದೆ ಅಂದುಕೊಂಡವರಿಗೆ ಎರಡೂ ಒಟ್ಟಿಗೇ ಕೈಕೊಟ್ಟವು.

ಇದಕ್ಕಿಂತ ನನಗೆ ಹೆಚ್ಚು ಪಾಠ ಕಾಣುವುದು 2016ರ ಜನವರಿ 26ರ ಪ್ರಸಂಗದಲ್ಲಿ. ಇಲ್ಲಿ ನಾವು ಗಣರಾಜ್ಯೋತ್ಸವದಲ್ಲಿದ್ದ ದಿನ ಅಮೆರಿಕದಲ್ಲಿ ಜಿಪಿಎಸ್‌ನ ಅತಿ ಹಳೆಯ ಉಪಗ್ರಹವೊಂದಕ್ಕೆ ನಿವೃತ್ತಿ ಕೊಡುತ್ತಿದ್ದರು. ಆ ಹೊತ್ತಿನಲ್ಲಿ ನೆಲದ ತಂತ್ರಾಂಶ ಒಂದು ತಪ್ಪು ತಿದ್ದುಪಡಿ ಅಂಕಿಯನ್ನು ಉಳಿದ ಹಲವು ಉಪಗ್ರಹಗಳಿಗೆ ಕಳಿಸಿಬಿಟ್ಟಿತು. ಜಿಪಿಎಸ್ ಸಮಯದಿಂದ ಜಾಗತಿಕ ಸಮಯವನ್ನು ಲೆಕ್ಕ ಹಾಕುವ ಅಂಕಿ ಅದು. ತಪ್ಪು 13 ಮೈಕ್ರೊಸೆಕೆಂಡಿನಷ್ಟು, ಒಂದು ಸೆಕೆಂಡಿನ ಲಕ್ಷದ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ. ದಾರಿ ತೋರಿಸುವ ಕೆಲಸಕ್ಕೆ ಏನೂ ಆಗಲಿಲ್ಲ, ಮ್ಯಾಪ್ ನೋಡಿಕೊಂಡು ಹೋಗುವವರಿಗೆ ಗೊತ್ತೂ ಆಗಲಿಲ್ಲ. ಆದರೆ ಟೆಲಿಕಾಂ ಜಾಲಗಳಲ್ಲಿ ಗಂಟೆಗಟ್ಟಲೆ ಅಲಾರಂ ಬಡಿದುಕೊಂಡವು, ಬ್ರಿಟನ್ನಿನಲ್ಲಿ ಡಿಜಿಟಲ್ ರೇಡಿಯೊ ಪ್ರಸಾರಕ್ಕೂ ಪೆಟ್ಟು ಬಿತ್ತು. ಒಂದೇ ತರಂಗಾಂತರದಲ್ಲಿ ಸರದಿ ಪ್ರಕಾರ ಕಳಿಸಿ ಸ್ವೀಕರಿಸುವ 4ಜಿ, 5ಜಿ ಟವರ್‌ಗಳು ಸುಮಾರು ಒಂದೂವರೆ ಮೈಕ್ರೊಸೆಕೆಂಡ್ ಒಳಗೆ ಹೊಂದಿಕೊಂಡಿರಬೇಕು. ಇಲ್ಲದಿದ್ದರೆ ಒಂದು ಟವರ್ ಮಾತಾಡುವಾಗ ಪಕ್ಕದ್ದೂ ಮಾತಾಡಿ ಎರಡೂ ಕೆಡುತ್ತವೆ. 13 ಅಂದರೆ ಅದರ ಎಂಟು ಪಟ್ಟಿಗೂ ಮೇಲೆ.

ಇಲ್ಲಿ ಗಮನಿಸಬೇಕಾದ್ದು, ನಾಲ್ಕು ಬೇರೆ ಕಂಪನಿಗಳ ನಾಲ್ಕು ಸಮಯ ಸರ್ವರ್ ಇಟ್ಟುಕೊಂಡಿದ್ದರೂ ಅವು ನಾಲ್ಕೂ ಛಾವಣಿ ಮೇಲಿನ ಆಂಟೆನಾದಿಂದ ಜಿಪಿಎಸ್ ಅನ್ನೇ ಕೇಳುತ್ತಿದ್ದರೆ, ನಾಲ್ಕಕ್ಕೂ ಒಂದೇ ಸುಳ್ಳು ಸಿಗುತ್ತದೆ. ನಾಲ್ಕೂ ಒಮ್ಮತದಿಂದ ತಪ್ಪು ಹೇಳುತ್ತವೆ. ಬಹುಮತ ನೋಡಿ ಆರಿಸುವ ಯಾವ ಜಾಣ ಲೆಕ್ಕಾಚಾರವೂ ಆಗ ಕೆಲಸಕ್ಕೆ ಬರುವುದಿಲ್ಲ. ಹೀಗೆ ಒಂದೇ ಬೇರಿನಿಂದ ಹುಟ್ಟುವ ದೋಷಕ್ಕೆ ನಮ್ಮಲ್ಲಿ ಹೆಚ್ಚಿನವರು ತಯಾರಿ ಮಾಡಿಕೊಂಡಿರುವುದಿಲ್ಲ.

ಬೇಕೆಂದೇ ಸುಳ್ಳು ಹೇಳಿಸುವವರೂ ಇದ್ದಾರೆ. 2025ರ ನವೆಂಬರ್‌ನಲ್ಲಿ ದೆಹಲಿ ವಿಮಾನ ನಿಲ್ದಾಣದ ಹತ್ತಿರ ವಿಮಾನಗಳಿಗೆ ನಕಲಿ ಜಿಪಿಎಸ್ ಸಂಕೇತ ಸಿಕ್ಕಿದ ಸುದ್ದಿ ಬಂತು. ಮುಂದಿನ ತಿಂಗಳು ಸರ್ಕಾರವೇ ಸಂಸತ್ತಿನಲ್ಲಿ ಇದನ್ನು ಒಪ್ಪಿಕೊಂಡಿತು, ಅಡಚಣೆ ವರದಿಯಾದ ಬೇರೆ ನಿಲ್ದಾಣಗಳ ಪಟ್ಟಿಯಲ್ಲಿ ಬೆಂಗಳೂರೂ ಇತ್ತು. ಎಲ್ಲರ ಗಮನ ವಿಮಾನದ ಸ್ಥಾನದ ಮೇಲಿತ್ತು, ಅದು ಸಹಜವೇ. ಆದರೆ ಜಿಪಿಎಸ್ ರಿಸೀವರ್ ಸ್ಥಾನ ಕಂಡುಹಿಡಿಯುವುದೇ ಸಮಯ ಅಳೆದು. ನಕಲಿ ಸಂಕೇತ ಸ್ಥಾನವನ್ನು ಸರಿಸಬಲ್ಲದಾದರೆ ಸಮಯವನ್ನೂ ಸರಿಸಬಲ್ಲದು. ಅದೇ ಆಕಾಶದ ಕೆಳಗಿನ ಡೇಟಾ ಸೆಂಟರಿನ ಛಾವಣಿಯಲ್ಲೂ ಆಂಟೆನಾ ಇದೆ ಅನ್ನುವುದನ್ನು ಮರೆಯಬಾರದು.

ಹೀಗೆ ಸುಳ್ಳು ಹೇಳುವ ಯಂತ್ರದ ಬಗ್ಗೆ ಸಿದ್ಧಾಂತ ಬರೆದವರು ಕಂಪ್ಯೂಟರ್ ವಿಜ್ಞಾನಿಗಳಾದ ಲೆಸ್ಲಿ ಲ್ಯಾಂಪೋರ್ಟ್, ರಾಬರ್ಟ್ ಶೋಸ್ಟಾಕ್, ಮಾರ್ಷಲ್ ಪೀಸ್, 1982ರಲ್ಲಿ. ಕೆಟ್ಟ ಗಡಿಯಾರ ಎಲ್ಲರಿಗೂ ಒಂದೇ ತಪ್ಪು ಹೇಳಿದರೆ ಪರವಾಗಿಲ್ಲ, ಹೋಲಿಸಿ ಹಿಡಿಯಬಹುದು. ಒಬ್ಬನಿಗೆ ಹತ್ತು ಗಂಟೆ, ಇನ್ನೊಬ್ಬನಿಗೆ ಹತ್ತೂ ಐದು ಅಂತ ಹೇಳುವ ಎರಡು ನಾಲಿಗೆಯ ಗಡಿಯಾರ ಇದ್ದರೆ? ಮೂರು ಯಂತ್ರಗಳಿದ್ದು ಒಂದು ಹೀಗಿದ್ದರೆ ಉಳಿದ ಎರಡಕ್ಕೆ ಒಮ್ಮತಕ್ಕೆ ಬರಲು ಸಾಧ್ಯವೇ ಇಲ್ಲ ಅಂತ ಅವರು ತೋರಿಸಿದರು, ಯಾಕೆಂದರೆ ಸುಳ್ಳುಗಾರ ಯಾರು ಅನ್ನುವುದನ್ನೇ ಅವು ತೀರ್ಮಾನಿಸಲಾರವು. ಕನಿಷ್ಠ ನಾಲ್ಕು ಬೇಕು. ಎನ್‌ಟಿಪಿ ಬಳಸುವವರಿಗೂ ನಾಲ್ಕು ಮೂಲ ಇಟ್ಟುಕೊಳ್ಳಿ ಅನ್ನುವ ಸಲಹೆ ಇದೆ, ಅದರ ಕಾರಣ ಇನ್ನೂ ಸುಲಭ. ಎರಡೇ ಇದ್ದು ಜಗಳ ಬಂದರೆ ಯಾರನ್ನು ನಂಬುವುದು? ಮೂರಿದ್ದರೆ ಬಹುಮತ ಸಿಗುತ್ತದೆ, ಆದರೆ ಒಂದು ಸರ್ವರ್ ರಿಪೇರಿಗೆ ಹೋದ ದಿನ ಮತ್ತೆ ಎರಡಕ್ಕೆ ಬಂದು ನಿಲ್ಲುತ್ತೀರಿ.

ಸಮಯ ತಪ್ಪುವುದಷ್ಟೇ ಅಲ್ಲ, ಹಿಂದಕ್ಕೂ ಹೋಗುತ್ತದೆ. ಭೂಮಿ ತಿರುಗುವ ವೇಗ ಒಂದೇ ಥರ ಇಲ್ಲದ ಕಾರಣ ಪರಮಾಣು ಗಡಿಯಾರವನ್ನು ಅದಕ್ಕೆ ಹೊಂದಿಸಲು 1972ರಿಂದ ಈವರೆಗೆ 27 ಸಲ ಒಂದೊಂದು ಲೀಪ್ ಸೆಕೆಂಡ್ ಸೇರಿಸಿದ್ದಾರೆ. ಕೊನೆಯದು ಬಂದಾಗ ನಮ್ಮಲ್ಲಿ 2017ರ ಜನವರಿ 1ರ ಬೆಳಿಗ್ಗೆ. ಆವತ್ತು 5:29:59 ಆದಮೇಲೆ 5:29:60 ಬಂತು, ಆಮೇಲೆ 5:30. ಅರವತ್ತನೇ ಸೆಕೆಂಡ್ ಅಂದರೇನು ಅಂತಲೇ ಗೊತ್ತಿಲ್ಲದ ಕಂಪ್ಯೂಟರ್‌ಗಳು ಅದೇ ಸೆಕೆಂಡನ್ನು ಎರಡು ಸಲ ಓಡಿಸುತ್ತವೆ. ಕ್ಲೌಡ್‌ಫ್ಲೇರ್ ಕಂಪನಿಯ ಡಿಎನ್‌ಎಸ್ (ವೆಬ್‌ಸೈಟಿನ ಹೆಸರಿಗೆ ಅದರ ಅಂಕಿ ವಿಳಾಸ, ಅಂದರೆ ಐಪಿ, ಹುಡುಕಿಕೊಡುವ ವ್ಯವಸ್ಥೆ) ಪ್ರೋಗ್ರಾಂ ಆ ಕ್ಷಣದಲ್ಲಿ, ಉತ್ತರ ಬಂದ ಸಮಯದಿಂದ ಪ್ರಶ್ನೆ ಕಳಿಸಿದ ಸಮಯ ಕಳೆದು ಎಷ್ಟು ಹೊತ್ತು ಹಿಡಿಯಿತು ಅಂತ ಲೆಕ್ಕ ಹಾಕುತ್ತಿತ್ತು. ಸೊನ್ನೆಗಿಂತ ಕಡಿಮೆ ಬಂತು. ಪ್ರಶ್ನೆ ಕೇಳುವ ಮೊದಲೇ ಉತ್ತರ! ಆ ಅಂಕಿಯನ್ನು ಮುಂದಿನ ಲೆಕ್ಕಕ್ಕೆ ಕೊಟ್ಟದ್ದೇ ತಡ, ಪ್ರೋಗ್ರಾಂ ಕುಸಿಯಿತು. ಕೋಡ್ ಬರೆದವರು ‘ಸೊನ್ನೆ ಆಗಿದ್ದರೆ’ ಅಂತ ಮಾತ್ರ ಪರೀಕ್ಷಿಸಿದ್ದರು, ಅದನ್ನು ‘ಸೊನ್ನೆ ಅಥವಾ ಅದಕ್ಕಿಂತ ಕಡಿಮೆ ಆಗಿದ್ದರೆ’ ಅಂತ ಬದಲಿಸಿದರು. ಒಂದೇ ಒಂದು ಅಕ್ಷರದ ತಿದ್ದುಪಡಿ. ಅದೇ ವರ್ಷ ಗೋ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಹೊಸ ಆವೃತ್ತಿಯಲ್ಲಿ, ಎಂದೂ ಹಿಂದಕ್ಕೆ ಹೋಗದ ಇನ್ನೊಂದು ಗಡಿಯಾರವನ್ನು ಇಂಥ ಲೆಕ್ಕಕ್ಕೆ ತಾನಾಗಿಯೇ ಬಳಸುವ ವ್ಯವಸ್ಥೆ ಬಂತು.

2012ರಲ್ಲಿ ಇನ್ನೂ ದೊಡ್ಡ ರಾದ್ಧಾಂತ ಆಗಿತ್ತು. ಲೀಪ್ ಸೆಕೆಂಡ್ ಬಂದದ್ದು ಬಹಳಷ್ಟು ಸರ್ವರ್‌ಗಳನ್ನು ಓಡಿಸುವ ಲಿನಕ್ಸ್ ಕರ್ನಲ್‌ನ ಒಂದು ಭಾಗಕ್ಕೆ ಗೊತ್ತಾಯಿತು, ಇನ್ನೊಂದು ಭಾಗಕ್ಕೆ ಗೊತ್ತಾಗಲಿಲ್ಲ. ‘ಸ್ವಲ್ಪ ಹೊತ್ತು ಮಲಗು’ ಅಂತ ಹೇಳಿದ ಪ್ರೋಗ್ರಾಂಗಳೆಲ್ಲ ಮಲಗಿದ ತಕ್ಷಣ ಎದ್ದು, ಮತ್ತೆ ಮಲಗಿ ಮತ್ತೆ ಎದ್ದು, ಪ್ರೊಸೆಸರ್ ಪೂರ್ತಿ ಬಿಸಿ. ರೆಡಿಟ್ ಬಿತ್ತು, ಆಸ್ಟ್ರೇಲಿಯಾದ ಕ್ವಾಂಟಾಸ್ ವಿಮಾನಗಳ ಚೆಕ್-ಇನ್ ಗಂಟೆಗಟ್ಟಲೆ ನಿಧಾನವಾಯಿತು. ಮದ್ದು ಏನು ಗೊತ್ತಾ? ಗಡಿಯಾರಕ್ಕೆ ಈಗ ಎಷ್ಟು ಸಮಯ ಇದೆಯೋ ಅದೇ ಸಮಯವನ್ನು ಮತ್ತೊಮ್ಮೆ ಹೊಂದಿಸುವುದು. ಅಷ್ಟೇ.

ಈ ಕಾಟ ಸಾಕು ಅಂತ 2022ರ ನವೆಂಬರ್‌ನಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನ ತೀರ್ಮಾನಿಸಿತು, 2035ರ ಒಳಗೆ ಲೀಪ್ ಸೆಕೆಂಡ್‌ಗಳ ಕಾಟ ನಿಲ್ಲಬೇಕು ಅಂತ. ಆದರೆ ಅಷ್ಟರೊಳಗೆ ಒಂದು ಹೊಸ ತಲೆನೋವು ಬರಬಹುದು. ಭೂಮಿ ಈಚೆಗೆ ಸ್ವಲ್ಪ ಬೇಗ ತಿರುಗುತ್ತಿದೆ. 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಭೂವಿಜ್ಞಾನಿ ಡಂಕನ್ ಆಗ್ನ್ಯೂ ಬರೆದ ಪ್ರಕಾರ, 2029ರ ಸುಮಾರಿಗೆ ಒಂದು ಸೆಕೆಂಡ್ ಸೇರಿಸುವ ಬದಲು ತೆಗೆಯಬೇಕಾಗಬಹುದು. ಧ್ರುವಗಳ ಮಂಜು ಕರಗಿ ಭೂಮಿಯ ತಿರುಗುವಿಕೆ ಸ್ವಲ್ಪ ನಿಧಾನವಾಗದೇ ಇದ್ದಿದ್ದರೆ ಇದು ಇನ್ನೂ ಮೂರು ವರ್ಷ ಮೊದಲೇ ಬರುತ್ತಿತ್ತಂತೆ. ಸೆಕೆಂಡ್ ತೆಗೆದ ಅನುಭವ ಈವರೆಗೆ ಯಾರಿಗೂ ಇಲ್ಲ. ಸೇರಿಸುವುದನ್ನು 27 ಸಲ ಮಾಡಿಯೂ ಒದ್ದಾಡಿದ್ದು ನೋಡಿದರೆ, ಆ ಕೋಡ್ ಮೊದಲ ಸಲ ಓಡುವ ದಿನ ರಜೆ ಹಾಕುವುದೇ ವಾಸಿ.

ನಮ್ಮ ಕರಡು ನಿಯಮಕ್ಕೂ ಇದಕ್ಕೂ ಒಂದು ನಂಟು ಇದೆ. ಗೂಗಲ್‌ನಂಥ ಕಂಪನಿಗಳು ಲೀಪ್ ಸೆಕೆಂಡನ್ನು ಒಮ್ಮೆಲೇ ಸೇರಿಸದೆ 24 ಗಂಟೆಗೆ ಹರಡಿ, ಪ್ರತಿ ಸೆಕೆಂಡನ್ನೂ ಚೂರು ಉದ್ದ ಮಾಡುತ್ತವೆ. ಅವರ ಯಂತ್ರಗಳಿಗೆ ಕ್ಷೇಮ. ಆದರೆ ಆ ದಿನ ನಡುವಿನ ಹೊತ್ತಿಗೆ ಅವರ ಸಮಯ ಅಧಿಕೃತ ಸಮಯದಿಂದ ಅರ್ಧ ಸೆಕೆಂಡ್ ಬೇರೆ ಆಗಿರುತ್ತದೆ. ನಿಮ್ಮ ಅರ್ಧ ಸರ್ವರ್‌ಗಳು ‘ಸಮಯ್’ ಕೇಳುತ್ತಿದ್ದು, ಉಳಿದರ್ಧ ಕ್ಲೌಡ್ ಕಂಪನಿಯ ಗಡಿಯಾರ ಕೇಳುತ್ತಿದ್ದರೆ, ಮೇಲಿನ ಬ್ಯಾಂಕಿನ ಉದಾಹರಣೆಯ 200 ಮಿಲಿಸೆಕೆಂಡ್ ಈಗ 500 ಆಯಿತು. ಅದೂ ಉಳಿದ ದಿನವೆಲ್ಲ ನಿಯಮ ಪಾಲಿಸಿದವರಿಗೇ.

ಹಾಗಾದರೆ ಗಡಿಯಾರವನ್ನೇ ಬಿಟ್ಟುಬಿಡಬಹುದಾ? ಸ್ವಲ್ಪ ಮಟ್ಟಿಗೆ ಹೌದು. ಲ್ಯಾಂಪೋರ್ಟ್ 1978ರಲ್ಲೇ ಹೇಳಿದ್ದು ಇದನ್ನೇ. ನಮಗೆ ಬೇಕಾಗಿರುವುದು ಎಷ್ಟು ಗಂಟೆಗೆ ಆಯಿತು ಅನ್ನುವುದಲ್ಲ, ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು. ಪ್ರತಿ ಯಂತ್ರವೂ ಒಂದು ಎಣಿಕೆ ಇಟ್ಟುಕೊಂಡು, ಸಂದೇಶ ಕಳಿಸುವಾಗ ಅದನ್ನೂ ಜೊತೆಗೆ ಕಳಿಸಲಿ. ಪಡೆದವನು ತನ್ನ ಎಣಿಕೆಯನ್ನು ಅದಕ್ಕಿಂತ ಒಂದು ಮೇಲೆ ಏರಿಸಿಕೊಳ್ಳಲಿ. ಆಗ ಕಾರಣದ ಎಣಿಕೆ ಯಾವತ್ತೂ ಪರಿಣಾಮದ ಎಣಿಕೆಗಿಂತ ಚಿಕ್ಕದಾಗಿರುತ್ತದೆ. ಸುಂದರವಾದ ಉಪಾಯ. ಆದರೆ ಒಬ್ಬರಿಗೊಬ್ಬರು ಸಂದೇಶ ಕಳಿಸದ ಎರಡು ಯಂತ್ರಗಳ ನಡುವೆ ಇದು ಏನೂ ಹೇಳಲಾರದು. ಗ್ರಾಹಕ ಫೋನಿನಲ್ಲಿ ಹಣ ಹಾಕಿ, ಪಕ್ಕದವರಿಗೆ ಬಾಯಲ್ಲಿ ಹೇಳಿ, ಅವರು ಇನ್ನೊಂದು ಫೋನಿನಲ್ಲಿ ನೋಡಿದರೆ, ಆ ಬಾಯಿಮಾತು ಯಾವ ಸರ್ವರ್‌ಗೂ ಕೇಳಿರುವುದಿಲ್ಲ.

ಗೂಗಲ್ 2012ರಲ್ಲಿ ಹೊರಗೆ ತೋರಿಸಿದ ಸ್ಪ್ಯಾನರ್ ಡೇಟಾಬೇಸ್ ಇದಕ್ಕೆ ಹಿಡಿದ ದಾರಿ ನನಗೆ ಬಹಳ ಪ್ರಾಮಾಣಿಕ ಅನಿಸುತ್ತದೆ. ಅಲ್ಲಿ ಸಮಯ ಎಷ್ಟು ಅಂತ ಕೇಳಿದರೆ ಒಂದು ಅಂಕಿ ಕೊಡುವುದಿಲ್ಲ, ಎರಡು ಕೊಡುತ್ತದೆ: ಇದಕ್ಕಿಂತ ಮೊದಲಂತೂ ಅಲ್ಲ, ಇದಕ್ಕಿಂತ ನಂತರವಂತೂ ಅಲ್ಲ. ನಾವು ಎನ್‌ಟಿಪಿಯಲ್ಲಿ ಎಸೆದ ಎರಡನೇ ಅಂಕಿಯನ್ನು ಅವರು ಇಟ್ಟುಕೊಂಡರು. ಪ್ರತಿ ಡೇಟಾ ಸೆಂಟರಿನಲ್ಲೂ ಜಿಪಿಎಸ್ ಆಂಟೆನಾ ಇರುವ ಯಂತ್ರಗಳು, ಜೊತೆಗೆ ಪರಮಾಣು ಗಡಿಯಾರ ಇರುವ ಕೆಲವು ಯಂತ್ರಗಳು. ಎರಡೂ ಕೆಡುವ ಬಗೆ ಬೇರೆ ಬೇರೆ, ಆದ್ದರಿಂದಲೇ ಎರಡು ಜಾತಿ. ಉಳಿದ ಸರ್ವರ್‌ಗಳು 30 ಸೆಕೆಂಡಿಗೊಮ್ಮೆ ಇವನ್ನು ಕೇಳುತ್ತವೆ. ನಡುವೆ ತಮ್ಮ ಗಡಿಯಾರ ಸೆಕೆಂಡಿಗೆ 200 ಮೈಕ್ರೊಸೆಕೆಂಡ್ ತಪ್ಪಬಹುದು ಅಂತ ಕೆಟ್ಟದ್ದನ್ನೇ ಊಹಿಸಿಕೊಳ್ಳುತ್ತವೆ. 30 ಸೆಕೆಂಡಿಗೆ ಅದು 6 ಮಿಲಿಸೆಕೆಂಡ್, ದಾರಿಗೆ ಇನ್ನೊಂದು. ಹಾಗಾಗಿ ಅನುಮಾನದ ಅಗಲ 1ರಿಂದ 7ರ ತನಕ ಏರಿ, ಕೇಳಿದ ಕೂಡಲೇ ಮತ್ತೆ 1ಕ್ಕೆ ಇಳಿಯುತ್ತದೆ. ಒಂದು ವ್ಯವಹಾರ ಮುಗಿಸುವ ಮೊದಲು ಸರ್ವರ್ ಆ ಅಗಲಕ್ಕೆ ತಕ್ಕಷ್ಟು ಹೊತ್ತು ಸುಮ್ನೆ ಕಾಯುತ್ತದೆ, ತಾನು ಹಾಕಿದ ಮೊಹರಿನ ಸಮಯ ಜಗತ್ತಿನಲ್ಲಿ ಎಲ್ಲೆಡೆ ಖಂಡಿತ ಕಳೆದುಹೋಯಿತು ಅನ್ನುವವರೆಗೆ. ಗೊತ್ತಿಲ್ಲದ್ದಕ್ಕೆ ಕಾಯುವಿಕೆಯಲ್ಲಿ ಬೆಲೆ ತೆರುವುದು ಅಂದರೆ ಇದು. ಗಡಿಯಾರ ಒಳ್ಳೆಯದಾದಷ್ಟೂ ಕಾಯುವುದು ಕಡಿಮೆ.

ಅಷ್ಟು ದುಡ್ಡಿಲ್ಲದವರಿಗೆ ಕಾಕ್ರೋಚ್‌ಡಿಬಿ ಅನ್ನುವ ಡೇಟಾಬೇಸ್ ಇನ್ನೊಂದು ದಾರಿ ಹಿಡಿದಿದೆ. ಯಂತ್ರಗಳ ನಡುವೆ 500 ಮಿಲಿಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು ಅನ್ನುವುದು ಅದರ ಮೂಲ ಷರತ್ತು. ಉಳಿದ ಯಂತ್ರಗಳಲ್ಲಿ ಅರ್ಧದಷ್ಟರ ಜೊತೆಗಾದರೂ ತನಗೆ 400 ಮಿಲಿಸೆಕೆಂಡ್ ವ್ಯತ್ಯಾಸ ಬಂತು ಅಂತ ಒಂದು ಯಂತ್ರಕ್ಕೆ ಗೊತ್ತಾದರೆ, ಅದು ತಾನೇ ಪ್ರಾಣ ಬಿಡುತ್ತದೆ. ತಪ್ಪು ಸಮಯ ಇಟ್ಟುಕೊಂಡು ಕೆಲಸ ಮಾಡುವುದಕ್ಕಿಂತ ಕೆಲಸ ಮಾಡದಿರುವುದು ಮೇಲು ಅನ್ನುವ ಲೆಕ್ಕ. ಸತ್ತ ಯಂತ್ರವನ್ನು ನಿಭಾಯಿಸುವುದು ಹೇಗೆ ಅಂತ ನಮಗೆ ಚೆನ್ನಾಗಿ ಗೊತ್ತು. ಸುಳ್ಳು ಹೇಳುವ ಯಂತ್ರವನ್ನು ನಿಭಾಯಿಸುವುದು ಈಗಲೂ ಕಷ್ಟ.

ಕ್ರಮ ತಪ್ಪಿದರೆ ಎಷ್ಟು ದೊಡ್ಡ ಮನೆಯೂ ಬೀಳುತ್ತದೆ ಅನ್ನುವುದಕ್ಕೆ 2025ರ ಅಕ್ಟೋಬರ್ 20 ಸಾಕ್ಷಿ. ನಮ್ಮಲ್ಲಿ ನರಕ ಚತುರ್ದಶಿ, ಮಧ್ಯಾಹ್ನ ಹನ್ನೆರಡೂ ಕಾಲರ ಹೊತ್ತಿಗೆ ಅಮೆಜಾನ್‌ನ ವರ್ಜೀನಿಯಾ ಕ್ಲೌಡ್ ವಲಯ ಕೈಕೊಟ್ಟು, ಜಗತ್ತಿನ ಎಷ್ಟೋ ಆ್ಯಪ್‌ಗಳು ನಿಂತವು. ಕಂಪನಿ ಆಮೇಲೆ ಕೊಟ್ಟ ವಿವರಣೆ ಓದಿದರೆ, ಇದು ಗಡಿಯಾರ ಕೆಟ್ಟ ಕಥೆ ಅಲ್ಲ, ಆದರೆ ಅದರ ಅಣ್ಣತಮ್ಮ. ಡೈನಮೊಡಿಬಿ ಅನ್ನುವ ಡೇಟಾಬೇಸಿನ ವಿಳಾಸಗಳನ್ನು ಡಿಎನ್‌ಎಸ್‌ನಲ್ಲಿ ಬರೆಯುವ ಕೆಲಸಕ್ಕೆ ಮೂರು ಕೆಲಸಗಾರ ಪ್ರೋಗ್ರಾಂಗಳಿದ್ದವು. ಒಂದು ಹೋದರೂ ನಡೆಯಲಿ ಅಂತ ಮೂರು. ಅವುಗಳಲ್ಲಿ ಒಂದು ತನ್ನ ಕೈಲಿರುವ ಪಟ್ಟಿ ಹೊಸದೇ ಅಂತ ಪರೀಕ್ಷಿಸಿಕೊಂಡು ಹೊರಟಿತು, ದಾರಿಯಲ್ಲಿ ವಿಪರೀತ ತಡವಾಯಿತು. ಅಷ್ಟರಲ್ಲಿ ಇನ್ನೊಂದು ಇನ್ನೂ ಹೊಸ ಪಟ್ಟಿಯನ್ನು ಬರೆದು ಮುಗಿಸಿ, ಹಳೆಯ ಪಟ್ಟಿಗಳನ್ನು ಗುಡಿಸಲು ಹೊರಟಿತು. ಅದೇ ಗಳಿಗೆಯಲ್ಲಿ ತಡವಾಗಿ ಬಂದದ್ದು ತನ್ನ ತಂಗಳು ಪಟ್ಟಿಯನ್ನು ಹೊಸದರ ಮೇಲೆ ಬರೆಯಿತು. ಗುಡಿಸುವವನು ನೋಡಿದ, ಇದು ಹಳೆಯದು, ಅಳಿಸಿದ. ಮುಖ್ಯ ವಿಳಾಸಕ್ಕೆ ಒಂದೂ ಐಪಿ ಉಳಿಯಲಿಲ್ಲ. ಡಿಎನ್‌ಎಸ್ ಸರಿಯಾಗಲು ಸುಮಾರು ಎರಡೂವರೆ ಗಂಟೆ, ಅದರ ಬೆನ್ನಿಗೆ ಬಿದ್ದ ಬೇರೆ ಸೇವೆಗಳು ಪೂರ್ತಿ ಎದ್ದು ನಿಲ್ಲಲು ಇನ್ನೂ ಬಹಳ ಹೊತ್ತು ಹಿಡಿಯಿತು.

ನೋಡಿ, ಇಲ್ಲಿ ಯಾವುದೂ ಸಾಯಲಿಲ್ಲ. ಮೂರರಲ್ಲಿ ಒಂದು ನಿಧಾನವಾಯಿತು ಅಷ್ಟೆ. ಸತ್ತಿದ್ದರೆ ಏನೂ ಆಗುತ್ತಿರಲಿಲ್ಲ. ಬರೆಯುವ ಜಾಗದಲ್ಲೇ ‘ನಿನ್ನ ಪಟ್ಟಿಯ ಸಂಖ್ಯೆ ಈಗಿರುವುದಕ್ಕಿಂತ ದೊಡ್ಡದಿದ್ದರೆ ಮಾತ್ರ ಬರೆ’ ಅಂತ ಒಂದು ಬಾಗಿಲು ಇದ್ದಿದ್ದರೆ ತಂಗಳು ಪಟ್ಟಿ ಅಲ್ಲೇ ನಿಲ್ಲುತ್ತಿತ್ತು. ಹೊರಡುವಾಗ ಮಾಡಿದ ಪರೀಕ್ಷೆ ತಲುಪುವ ಹೊತ್ತಿಗೆ ಹಳಸಿರುತ್ತದೆ.

ಮತ್ತೆ ನಮ್ಮ ದೇಶದ ಸಮಯಕ್ಕೆ ಬರೋಣ. ಒಂದೇ ಮೂಲದ ಮೇಲೆ ನಿಲ್ಲುವ ಅಪಾಯ ಇಸ್ರೊಗೆ ಗೊತ್ತಿಲ್ಲದ್ದೇನಲ್ಲ. ಜಿಪಿಎಸ್‌ನಂಥ ನಮ್ಮದೇ ವ್ಯವಸ್ಥೆಯಾದ ನಾವಿಕ್‌ನ ಮೊದಲ ಉಪಗ್ರಹ 2013ರಲ್ಲಿ ಹೋಯಿತು. ಅದರಲ್ಲಿ ಮೂರು ರುಬಿಡಿಯಂ ಪರಮಾಣು ಗಡಿಯಾರ, ಒಂದು ಕೆಟ್ಟರೆ ಇನ್ನೆರಡು ಇರಲಿ ಅಂತ. ಮೂರೂ ಕೆಟ್ಟವು, ಯಾಕೆಂದರೆ ಮೂರೂ ಒಂದೇ ಕಡೆಯಿಂದ ತರಿಸಿದ ಒಂದೇ ಜಾತಿಯವು. ಅದೇ ತಯಾರಕರ ಗಡಿಯಾರಗಳಿದ್ದ ಯುರೋಪಿನ ಗೆಲಿಲಿಯೊ ಉಪಗ್ರಹಗಳಲ್ಲೂ ತೊಂದರೆ ಕಾಣಿಸಿತ್ತು. 2023ರ ಮೇನಲ್ಲಿ ಹಾರಿದ ಎನ್‌ವಿಎಸ್-01ರಲ್ಲಿ ಅಹಮದಾಬಾದಿನಲ್ಲಿ ರೂಪಿಸಿದ ಸ್ವದೇಶಿ ಗಡಿಯಾರ ಇದೆ. 2025ರ ಜನವರಿಯಲ್ಲಿ ಹೋದ ಎನ್‌ವಿಎಸ್-02 ಮಾತ್ರ ಉದ್ದೇಶಿಸಿದ ಕಕ್ಷೆಗೆ ಏರಲಿಲ್ಲ. ನೆಲದ ಮೇಲೆ, ಬೆಂಗಳೂರಿನಿಂದ ಅಷ್ಟೇನೂ ದೂರವಿಲ್ಲದ ಬ್ಯಾಲಾಳುವಿನಲ್ಲಿ ನಾವಿಕ್‌ನ ಸಮಯ ಕೇಂದ್ರ ತನ್ನದೇ ಪರಮಾಣು ಗಡಿಯಾರಗಳನ್ನು ಓಡಿಸುತ್ತದೆ.

ಹೀಗಿರುವಾಗ ನಿಯಮದಲ್ಲಿ ಬರಬೇಕಾದ್ದು ‘ಐಎಸ್‌ಟಿ ಬಳಸಿ’ ಅನ್ನುವ ಒಂದು ಸಾಲು ಮಾತ್ರ ಅಲ್ಲ. ಬ್ಯಾಂಕಿನ ಲಾಗ್‌ನಲ್ಲಿ ಸಮಯದ ಜೊತೆಗೆ, ಆ ಹೊತ್ತಿಗೆ ಆ ಯಂತ್ರಕ್ಕೆ ಇದ್ದ ಅನುಮಾನದ ಅಗಲವನ್ನೂ ಬರೆಯಬೇಕು ಅಂತ ಇರಲಿ. ಯುರೋಪಿನಲ್ಲಿ 2018ರಿಂದ ಅತಿವೇಗದ ಷೇರು ವಹಿವಾಟಿನ ಗಡಿಯಾರ ಜಾಗತಿಕ ಸಮಯದಿಂದ 100 ಮೈಕ್ರೊಸೆಕೆಂಡಿಗಿಂತ ಹೆಚ್ಚು ಆಚೀಚೆ ಆಗಬಾರದು ಅಂತ ಅಂಕಿ ಸಮೇತ ನಿಯಮ ಇದೆ. ನಮ್ಮಲ್ಲೂ ಯಾರಿಗೆ ಎಷ್ಟು ಅಂತ ಅಂಕಿ ಬೇಕು, ಪಂಚಾಯಿತಿ ಕಚೇರಿಗೂ ಷೇರುಪೇಟೆಗೂ ಒಂದೇ ಅಳತೆ ಬೇಕಿಲ್ಲ. ಸಂಪರ್ಕ ಕಡಿದುಹೋದರೆ ಎಷ್ಟು ಗಂಟೆ ತನ್ನ ಬಲದ ಮೇಲೆ ಸರಿಯಾದ ಸಮಯ ಇಟ್ಟುಕೊಳ್ಳಬಲ್ಲೆ ಅಂತ ಟೆಲಿಕಾಂ ಕಂಪನಿ ಬರೆದು ಕೊಡಬೇಕು. ಐದು ಕೇಂದ್ರಗಳ ಗಡಿಯಾರಗಳು ಒಂದೇ ತಯಾರಕರವಾ, ಒಂದೇ ಕೇಬಲ್ ಹಿಡಿದು ಬರುತ್ತವಾ ಅನ್ನುವುದೂ ಸಾರ್ವಜನಿಕರಿಗೆ ಗೊತ್ತಾಗಬೇಕು. ಐದು ಕೇಂದ್ರ ಅಂದರೆ ಐದು ಮೂಲ ಅಂತ ಆಗುವುದಿಲ್ಲ. ಐದೂ ದೆಹಲಿಯಿಂದ ಕೇಳಿ ಹೇಳುತ್ತಿದ್ದರೆ ಅದು ಒಂದೇ.

ಸರ್ವರ್ ನೋಡಿಕೊಳ್ಳುವವರು ನಿಯಮಕ್ಕಾಗಿ ಕಾಯಬೇಕಾಗಿಯೂ ಇಲ್ಲ. ಎನ್‌ಟಿಪಿಗೆ ಬಳಸುವ ಕ್ರೋನಿ ಪ್ರೋಗ್ರಾಂ ಇದ್ದರೆ ಅದರ ಟ್ರ್ಯಾಕಿಂಗ್ ಆದೇಶ ಕೊಟ್ಟು ನೋಡಿ, ವ್ಯತ್ಯಾಸದ ಜೊತೆಗೆ ಅನುಮಾನದ ಲೆಕ್ಕಕ್ಕೆ ಬೇಕಾದ ಅಂಕಿಗಳೂ ಅಲ್ಲೇ ಇವೆ, ಅವುಗಳ ಮೇಲೆ ಅಲಾರಂ ಇಡಿ. ಅವಧಿ ಅಳೆಯುವಲ್ಲೆಲ್ಲ ಹಿಂದಕ್ಕೂ ಹೋಗಬಲ್ಲ ಮಾಮೂಲಿ ಸಮಯ ಬಳಸಿದ್ದರೆ ತೆಗೆದು, ಹಿಂದಕ್ಕೆ ಹೋಗದ ಗಡಿಯಾರ ಹಾಕಿ. ಆಮೇಲೆ ಪರೀಕ್ಷೆಯ ಜಾಲದಲ್ಲಿ ಒಂದೇ ಒಂದು ಸರ್ವರ್‌ನ ಗಡಿಯಾರವನ್ನು ಅರ್ಧ ಸೆಕೆಂಡ್ ಮುಂದಿಟ್ಟು, ಯಾವ ಅಲಾರಂ ಬಡಿಯುತ್ತದೆ, ಯಾವ ಬರಹ ಸದ್ದಿಲ್ಲದೆ ಮಾಯವಾಗುತ್ತದೆ ಅಂತ ನೋಡಿ. ಪ್ರೋಗ್ರಾಂಗೆ ಮಾತ್ರ ಸುಳ್ಳು ಸಮಯ ತೋರಿಸುವ ಲಿಬ್‌ಫೇಕ್‌ಟೈಮ್ ಅನ್ನುವ ಉಚಿತ ಸಲಕರಣೆಯೂ ಇದೆ. ಶುಕ್ರವಾರ ಸಂಜೆ ಮಾತ್ರ ಈ ಪ್ರಯೋಗಕ್ಕೆ ಕೈ ಹಾಕಬೇಡಿ.